ಅಪ್ಪನ ಆಟೋ, ಮೈಸೂರಿನ ಜಾವಾ ಮತ್ತು ಬಾಟಲಿಯೊಳಗಿನ ಎಣ್ಣೆ: ಇಂಜಿನ್ ಆಯಿಲ್‌ನ ನೂರು ವರ್ಷದ ಕಥೆ

 ನಾನು ನಿಮ್ಮ ಉತ್ತರಹಳ್ಳಿ ಹುಡುಗಿ. ಇವತ್ತಿನ ಎಪಿಸೋಡ್ ಶುರುವಾಗಿದ್ದು ಒಂದು ವಾಯ್ಸ್ ಮೆಸೇಜ್‌ನಿಂದ. ಕಳಿಸಿದವರು ಫುಡ್ ಡೆಲಿವರಿ ಮಾಡೋ ಒಬ್ಬ ಕೇಳುಗರು. ಅವರು ಕೇಳಿದ್ದಿಷ್ಟೇ: "ಅಕ್ಕಾ, ಸರ್ವಿಸ್‌ಗೆ ಬಿಟ್ರೆ ಫುಲ್ ಸಿಂಥೆಟಿಕ್ ಆಯಿಲ್ ಹಾಕ್ಸಿ ಅಂತಾರೆ. ರೇಟು ಡಬಲ್. ಹಾಕಿಸ್ಲಾ, ಬೇಡ್ವಾ?"

ನಾನು ಓದಿದ್ದು ಬಿಕಾಂ. ಇಂಜಿನ್ ಬಿಚ್ಚಿ ಗೊತ್ತಿಲ್ಲ. ಆದರೆ ಒಂದೇ ಅಳತೆಯ ಎರಡು ಬಾಟಲಿಗೆ ಎರಡು ರೇಟು ಯಾಕೆ ಅನ್ನೋದು ಕಾಮರ್ಸ್ ಪ್ರಶ್ನೆಯೂ ಹೌದಲ್ವಾ? ಉತ್ತರ ಹುಡುಕ್ತಾ ಹೋದೆ, ಹೋಗ್ತಾ ಹೋಗ್ತಾ ಅದು ನಮ್ಮ ಮನೆ ಕಥೆಗೇ ಬಂದು ನಿಂತಿತು.

ನಮ್ಮಪ್ಪ ಆಟೋ ಓಡಿಸ್ತಿದ್ರು. ಟೂ ಸ್ಟ್ರೋಕ್ ಪೆಟ್ರೋಲ್ ಆಟೋ. 2003ರಲ್ಲಿ, ನಾನಿನ್ನೂ ಒಂದನೇ ಕ್ಲಾಸಿನಲ್ಲಿದ್ದಾಗ, ಬನಶಂಕರಿ ದೇವಸ್ಥಾನದ ಹತ್ತಿರ ಪ್ಯಾಸೆಂಜರ್ ಕೂತಿದ್ದಾಗಲೇ ಆಟೋ ಗಕ್ಕನೆ ನಿಂತುಬಿಡ್ತು. ಇಂಜಿನ್ ಸೀಜ್. ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಇಂಜಿನ್ ಇಳಿಸಿ ಕೆಲಸ ಮಾಡಿಸೋಕೆ ಅಮ್ಮನ ಓಲೆ ಅಡ ಇಡಬೇಕಾಯ್ತು. ಹದಿನೈದು ದಿನ ದುಡಿಮೆ ಇಲ್ಲ. "ಪೆಟ್ರೋಲಿಗೆ ಆಯಿಲ್ ಬೆರೆಸುವಾಗ ಅಳತೆ ತಪ್ಪಿದೆ ಅನ್ಸತ್ತೆ, ನನ್ನದೇ ತಪ್ಪು" ಅಂತ ಅಪ್ಪ ಈಗಲೂ ಹೇಳ್ತಾರೆ. ಆ ಮಾತನ್ನ ಸ್ವಲ್ಪ ಪಕ್ಕಕ್ಕಿಡೋಣ. ಕೊನೆಯಲ್ಲಿ ಮತ್ತೆ ಅದಕ್ಕೇ ಬರ್ತೀನಿ.

ಮೊದಲು ನಮ್ಮ ತಾತನ ಕಾಲಕ್ಕೆ ಹೋಗೋಣ. ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ ಕಡೆಯವರು ನಮ್ಮ ತಾತ. ಅವರ ಹತ್ತಿರ ಎತ್ತಿನ ಗಾಡಿ ಇತ್ತು. ಗಾಡಿಯ ಅಚ್ಚಿಗೆ ಹಾಕೋಕೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ನೇತುಹಾಕ್ತಿದ್ರಂತೆ. ಅದರ ಹೆಸರು ಕೀಲೆಣ್ಣೆ. ಎಷ್ಟು ಚೆನ್ನಾಗಿದೆ ನೋಡಿ ಈ ಪದ! ಇಂಗ್ಲಿಷಿನ ಲೂಬ್ರಿಕೆಂಟ್ ಬರೋಕೆ ಮುಂಚೇನೇ ನಮ್ಮ ಹಳ್ಳಿಗಳಲ್ಲಿ ಅದಕ್ಕೊಂದು ಹೆಸರಿತ್ತು. "ಕೀಲಿಗೆ ಎಣ್ಣೆ ಇಲ್ದಿದ್ರೆ ಎತ್ತಿಗೆ ಭಾರ" ಅಂತ ತಾತ ಹೇಳ್ತಿದ್ರು.

ಹರಳೆಣ್ಣೆ ಅಂದ್ರೆ ತಲೆಗೆ ತಂಪು, ಹೊಟ್ಟೆಗೆ ಭೇದಿ, ಅಷ್ಟೇ ಅಂದ್ಕೊಂಡಿದ್ದೆ. ಆದರೆ ಮೊದಲನೇ ಮಹಾಯುದ್ಧದಲ್ಲಿ ವಿಮಾನಗಳು ಹಾರಿದ್ದು ಇದೇ ಎಣ್ಣೆಯ ಮೇಲೆ. ಆಗಿನ ಎಷ್ಟೋ ಯುದ್ಧವಿಮಾನಗಳಲ್ಲಿದ್ದದ್ದು ರೋಟರಿ ಇಂಜಿನ್, ಅಂದ್ರೆ ಸಿಲಿಂಡರುಗಳೇ ಗಿರಗಿರ ತಿರುಗೋ ಇಂಜಿನ್. ಅದರಲ್ಲಿ ಪೆಟ್ರೋಲಿನ ಆವಿ ಇಂಜಿನ್ನಿನ ಹೊಟ್ಟೆಯೊಳಗಿಂದಲೇ ಹಾದುಹೋಗ್ತಿತ್ತು. ನೆಲದೊಳಗಿಂದ ತೆಗೆದ ಖನಿಜ ಎಣ್ಣೆ ಹಾಕಿದರೆ ಪೆಟ್ರೋಲಿನಲ್ಲಿ ಕರಗಿ ತೆಳ್ಳಗಾಗಿ ಹೋಗ್ತಿತ್ತು. ಹರಳೆಣ್ಣೆ ಪೆಟ್ರೋಲಿನ ಜೊತೆ ಅಷ್ಟು ಸುಲಭವಾಗಿ ಸೇರಲ್ಲ, ಲೋಹಕ್ಕೆ ಗಟ್ಟಿಯಾಗಿ ಅಂಟಿಕೊಳ್ಳತ್ತೆ. ಹಾಗಾಗಿ ಅದೇ ಬೇಕಾಯ್ತು. ಬ್ರಿಟನ್ನಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ತನ್ನ ಹೊಸ ಆಯಿಲ್‌ಗೆ ಕ್ಯಾಸ್ಟ್ರಾಲ್ ಅಂತ ಹೆಸರಿಟ್ಟಿದ್ದೂ ಕ್ಯಾಸ್ಟರ್, ಅಂದ್ರೆ ಹರಳೆಣ್ಣೆಯಿಂದಲೇ. ಜೆ.ಸಿ. ರೋಡಿನ ಅಂಗಡಿ ಸಾಲಿನಲ್ಲಿ ಈಗಲೂ ತೂಗಾಡೋ ಆ ಬೋರ್ಡಿಗೂ ನಮ್ಮ ತಾತನ ಬಿದಿರ ಗೊಟ್ಟಕ್ಕೂ ನೆಂಟಸ್ತನ ಇದೆ ಅಂತಾಯ್ತು.

ಆದರೆ ಹರಳೆಣ್ಣೆಗೊಂದು ದೊಡ್ಡ ದೋಷ. ಬಿಸಿಯಲ್ಲಿ ಗಾಳಿ ತಾಗ್ತಾ ತಾಗ್ತಾ ಅದು ಅಂಟಂಟಾಗಿ, ಕೊನೆಗೆ ವಾರ್ನಿಷ್ ಥರ ಗಟ್ಟಿಯಾಗಿಬಿಡತ್ತೆ. ಆಗಾಗ ಬಿಚ್ಚಿ ತೊಳೆಯೋ ಯುದ್ಧವಿಮಾನಕ್ಕೆ ಅದು ನಡೆಯುತ್ತೆ, ದಿನಾ ಓಡಬೇಕಾದ ಬಸ್ಸಿಗೆ, ಬೈಕಿಗೆ ನಡೆಯಲ್ಲ. ಹಾಗಾಗಿ ಜಗತ್ತು ಕಚ್ಚಾ ತೈಲದಿಂದ ತೆಗೆದ ಎಣ್ಣೆ ಕಡೆ ತಿರುಗಿತು.

ಇಲ್ಲೊಂದು ವಿಷಯ ಗೊತ್ತಿರಲಿ. ನಾವು ಅಂಗಡಿಯಲ್ಲಿ ಕೊಳ್ಳೋ ಇಂಜಿನ್ ಆಯಿಲ್ ಒಂದೇ ಪದಾರ್ಥ ಅಲ್ಲ. ಅದರಲ್ಲಿ ಸಾಮಾನ್ಯವಾಗಿ ನೂರಕ್ಕೆ 70ರಿಂದ 90 ಭಾಗ ಬೇಸ್ ಆಯಿಲ್, ಅಂದ್ರೆ ಮೂಲತೈಲ. ಉಳಿದದ್ದು ಸವೆತ ತಡೆಯೋಕೆ, ಕೊಳೆ ತೊಳೆಯೋಕೆ, ನೊರೆ ಬರದ ಹಾಗೆ ನೋಡಿಕೊಳ್ಳೋಕೆ ಬೆರೆಸಿದ ರಾಸಾಯನಿಕಗಳು. ಸಾರಿಗೆ ಹೋಲಿಸಿದರೆ ಬೇಳೆ ಕಟ್ಟು ಬೇಸ್ ಆಯಿಲ್, ಸಾರಿನಪುಡಿ ಮತ್ತು ಒಗ್ಗರಣೆ ಆ ರಾಸಾಯನಿಕಗಳು. ಬೇಳೆಯೇ ಹಳಸಿದ್ದರೆ ಒಗ್ಗರಣೆ ಎಷ್ಟು ಘಮಘಮ ಅಂದ್ರೂ ಏನು ಪ್ರಯೋಜನ?

ಮೂಲತೈಲ ಬರೋದು ಕಚ್ಚಾ ತೈಲದ ಅಡಿಭಾಗದಿಂದ. ಪೆಟ್ರೋಲು, ಡೀಸೆಲ್ಲು ಎಲ್ಲಾ ಬೇರೆಯಾದ ಮೇಲೆ ಉಳಿಯೋ ಭಾರದ ಭಾಗ ಅದು. ಅದರಲ್ಲಿ ಒಳ್ಳೆಯ ಎಣ್ಣೆಯ ಜೊತೆ ಮೂರು ತೊಂದರೆಗಳೂ ಇರುತ್ತವೆ: ಗಂಧಕ, ಬೇಗ ಕೆಡುವ ಆರೊಮ್ಯಾಟಿಕ್ ಅಣುಗಳು ಮತ್ತು ಮೇಣ. ಮೇಣದ ತೊಂದರೆ ಏನು ಅಂತ ಡಿಸೆಂಬರಿನಲ್ಲಿ ಬೆಂಗಳೂರಿನ ಯಾವ ಮನೆಯಲ್ಲಾದರೂ ನೋಡಬಹುದು. ಬೆಳಿಗ್ಗೆ ಎದ್ದರೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿ ಕೂತಿರುತ್ತಲ್ಲ, ಹಾಗೆ. ಇಂಜಿನ್ನಿನೊಳಗೆ ಎಣ್ಣೆ ಆ ಥರ ಕೂತರೆ ಕಥೆ ಮುಗೀತು.

ಹಳೆಯ ವಿಧಾನದಲ್ಲಿ ಇವನ್ನ ಬೇರ್ಪಡಿಸಿ ತೆಗೀತಿದ್ರು. ದ್ರಾವಕ ಹಾಕಿ ಕೆಟ್ಟ ಅಣುಗಳನ್ನ ಹೊರಗೆ ಎಳೆಯೋದು, ಆಮೇಲೆ ಎಣ್ಣೆಯನ್ನ ತಣ್ಣಗೆ ಮಾಡಿ ಹೆಪ್ಪುಗಟ್ಟಿದ ಮೇಣವನ್ನ ಸೋಸೋದು. ಅಜ್ಜಿ ಮೊರದಲ್ಲಿ ರಾಗಿ ಕೇರಿ ಕಲ್ಲು ತೆಗೆದ ಹಾಗೆ. ಎಷ್ಟೇ ಕೇರಿದರೂ ಅಲ್ಲೊಂದು ಇಲ್ಲೊಂದು ಕಲ್ಲು ಉಳಿಯುತ್ತಲ್ವಾ, ಇಲ್ಲೂ ಹಾಗೇ. ಇಂಥ ಮೂಲತೈಲವನ್ನ ಈಗ ಗ್ರೂಪ್ ಒಂದು ಅಂತ ಕರೀತಾರೆ. ನಮ್ಮ ದೇಶದಲ್ಲಿ 1969ರಲ್ಲಿ ಚೆನ್ನೈ ಹತ್ತಿರದ ಮಣಲಿಯಲ್ಲಿ ಶುರುವಾದ ಮದ್ರಾಸ್ ರಿಫೈನರೀಸ್, 1975ರಲ್ಲಿ ಶುರುವಾದ ಪಶ್ಚಿಮ ಬಂಗಾಳದ ಹಾಲ್ದಿಯಾ ಸಂಸ್ಕರಣಾಗಾರ, ಇವೆರಡೂ ಇಂಧನದ ಜೊತೆಗೆ ಮೂಲತೈಲವನ್ನೂ ಮಾಡೋಕೆ ಅಂತಲೇ ಕಟ್ಟಿದಂಥವು. ಇಂಡಿಯನ್ ಆಯಿಲ್‌ನ ಸರ್ವೋ ಅನ್ನೋ ಬ್ರ್ಯಾಂಡ್ ಬಂದಿದ್ದೂ ಆ ಕಾಲದಲ್ಲೇ, 1972ರಲ್ಲಿ.

ಅದೇ ಹೊತ್ತಿಗೆ ನಮ್ಮ ಮೈಸೂರಿನಲ್ಲೊಂದು ಸದ್ದು ಜೋರಾಗಿತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ! ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳು 1961ರಿಂದ ಅಲ್ಲಿ ತಯಾರಾದವು. ಆಮೇಲೆ ಅವೇ ಯೆಜ್ಡಿ ಆದವು. ಎಲ್ಲಾ ಟೂ ಸ್ಟ್ರೋಕ್. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಯೆಜ್ಡಿ ಇಟ್ಟಿದ್ದರೆ ಕೇಳಿ ನೋಡಿ, ಆ ಸೈಲೆನ್ಸರ್ ಸದ್ದನ್ನ ಬಾಯಲ್ಲೇ ಮಾಡಿ ತೋರಿಸ್ತಾರೆ.

ಟೂ ಸ್ಟ್ರೋಕ್ ಇಂಜಿನ್ನಿನ ಗುಟ್ಟು ಏನಪ್ಪಾ ಅಂದ್ರೆ, ಅದರಲ್ಲಿ ಆಯಿಲ್‌ಗೆ ಬೇರೆ ಮನೆ ಇಲ್ಲ. ಪೆಟ್ರೋಲಿಗೇ ಆಯಿಲ್ ಬೆರೆಸಬೇಕು, ಲೀಟರಿಗೆ ಸುಮಾರು ಮೂವತ್ತು ನಲವತ್ತು ಎಂಎಲ್. ಆ ಮಿಶ್ರಣ ಇಂಜಿನ್ನಿನೊಳಗೆ ಹೋಗಿ ಬೇರಿಂಗು, ಪಿಸ್ಟನ್ನು ಎಲ್ಲವನ್ನೂ ನೆನೆಸಿ, ಕೊನೆಗೆ ಪೆಟ್ರೋಲಿನ ಜೊತೆ ತಾನೂ ಉರಿದುಹೋಗತ್ತೆ. ಅಂದ್ರೆ ಎಣ್ಣೆಗೆ ಎರಡು ಕೆಲಸ: ಬದುಕಿರುವಾಗ ಕೀಲು ಕಾಯಬೇಕು, ಸಾಯುವಾಗ ಬೂದಿ ಉಳಿಸದೆ ಸಾಯಬೇಕು. ಹಳೆಯ ಭಾರದ ಮೂಲತೈಲಕ್ಕೆ ಎರಡನೇ ಕೆಲಸ ಬರ್ತಾನೇ ಇರಲಿಲ್ಲ. ಅರ್ಧಂಬರ್ಧ ಉರಿದು ಪಿಸ್ಟನ್ ತಲೆ ಮೇಲೆ, ಸೈಲೆನ್ಸರ್ ಬಾಯಲ್ಲಿ ಕರಿ ಕೂರ್ತಿತ್ತು. ಉಳಿದದ್ದು ನೀಲಿ ಹೊಗೆಯಾಗಿ ಹಿಂದೆ ಬರೋರ ಮುಖಕ್ಕೆ. ಸಿಗ್ನಲ್‌ನಲ್ಲಿ ಆಟೋ ಹಿಂದೆ ನಿಂತು ಕರ್ಚೀಫ್ ಮುಚ್ಚಿಕೊಂಡಿದ್ದು ನನ್ನ ವಯಸ್ಸಿನವರಿಗೆಲ್ಲ ನೆನಪಿರತ್ತೆ. ನಾನು ಮಾತ್ರ ಆ ವಾಸನೆಗೆ "ಅಪ್ಪ ಬಂದ್ರು" ಅಂತ ಬಾಗಿಲಿಗೆ ಓಡ್ತಿದ್ದೆ.

ಈ ಹೊಗೆಗೆ ಪರಿಹಾರ ಬಂದಿದ್ದೂ ಎಣ್ಣೆಯಿಂದಲೇ. ಭಾರದ ಮೂಲತೈಲದ ಬದಲು ಪಾಲಿಐಸೊಬ್ಯೂಟಿಲೀನ್ ಅನ್ನೋ, ಕಾರ್ಖಾನೆಯಲ್ಲಿ ಕಟ್ಟಿದ ಅಣುವನ್ನ ಸೇರಿಸಿದರೆ ಅದು ಬಿಸಿಯಲ್ಲಿ ಸ್ವಚ್ಛವಾಗಿ ಉರಿದು ಹೋಗತ್ತೆ, ಹೊಗೆ ಕಡಿಮೆ ಆಗತ್ತೆ. ಲೋ ಸ್ಮೋಕ್ ಟೂ-ಟಿ ಆಯಿಲ್ ಅಂತ ಬಂತಲ್ಲ, ಅದರ ಗುಟ್ಟು ಇದು. 1990ರ ದಶಕದ ಕೊನೆಯಲ್ಲಿ ದೆಹಲಿಯಲ್ಲಂತೂ ಲೂಸ್ ಆಯಿಲ್ ಬೇಡವೇ ಬೇಡ, ಬಂಕಿನಲ್ಲೇ ಯಂತ್ರ ಅಳತೆ ಮಾಡಿ ಪೆಟ್ರೋಲಿಗೆ ಬೆರೆಸಿ ಕೊಡಲಿ ಅನ್ನೋ ವ್ಯವಸ್ಥೆ ತಂದರು. ಯಾಕೆ ಗೊತ್ತಾ? ಅಗ್ಗದ ಲೂಸ್ ಆಯಿಲ್ ಒಂದು ಕಡೆ, "ಇರಲಿ, ಇಂಜಿನ್ನಿಗೆ ಒಳ್ಳೇದು" ಅಂತ ಗಾಡಿಯವರು ಒಂದಿಷ್ಟು ಜಾಸ್ತಿ ಸುರಿಯೋ ಅಭ್ಯಾಸ ಇನ್ನೊಂದು ಕಡೆ.

ಅಷ್ಟರಲ್ಲಿ ಕಾಲ ಬದಲಾಗಿತ್ತು. 1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂದಾಗಿನಿಂದ ಫೋರ್ ಸ್ಟ್ರೋಕ್ ಮೈಲೇಜಿನ ರುಚಿ ಜನಕ್ಕೆ ಹತ್ತಿತ್ತು. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಎಣ್ಣೆಯ ಕೆಲಸವೂ ಪೂರ್ತಿ ಬದಲಾಯ್ತು. ಫೋರ್ ಸ್ಟ್ರೋಕ್‌ನಲ್ಲಿ ಎಣ್ಣೆ ಇಂಜಿನ್ನಿನ ಕೆಳಗೆ ತನ್ನದೇ ತೊಟ್ಟಿಯಲ್ಲಿ ಇರತ್ತೆ. ಅದು ಉರಿಯೋ ಹಾಗಿಲ್ಲ, ಆವಿಯಾಗೋ ಹಾಗಿಲ್ಲ, ಸಾವಿರಾರು ಕಿಲೋಮೀಟರ್ ಕೆಡದೆ ಬಾಳಬೇಕು. ಮೊದಲು ಬೇಗ ಸಾಯಬೇಕಿದ್ದ ಎಣ್ಣೆ ಈಗ ಬಹಳ ದಿನ ಬದುಕಬೇಕು!

ಬದುಕೋದು ಎಷ್ಟು ಕಷ್ಟ ಅಂತ ತಿಳಿಯೋಕೆ ಒಂದು ಅಳತೆಗೋಲು ಇದೆ, ವಿಸ್ಕಾಸಿಟಿ ಇಂಡೆಕ್ಸ್. ಜೋನಿ ಬೆಲ್ಲವನ್ನ ನೆನಪಿಸಿಕೊಳ್ಳಿ. ತಣ್ಣಗಿದ್ದಾಗ ಚಮಚ ಅಲ್ಲಾಡಲ್ಲ, ಬಿಸಿ ಮಾಡಿದರೆ ನೀರಿನ ಹಾಗೆ ಹರಿಯತ್ತೆ. ಇಂಜಿನ್ನಿಗೆ ಇಂಥ ಎಣ್ಣೆ ಬೇಡ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೂ ಹರೀಬೇಕು, ಸಿಲ್ಕ್ ಬೋರ್ಡ್ ಜಾಮಿನಲ್ಲಿ ಕುದೀತಿದ್ದಾಗಲೂ ತೆಳ್ಳಗಾಗಿ ಜಾರಿಹೋಗಬಾರದು. 1929ರಲ್ಲಿ ಅಮೆರಿಕದ ಡೀನ್ ಮತ್ತು ಡೇವಿಸ್ ಅನ್ನೋ ಇಬ್ಬರು ಈ ಗುಣಕ್ಕೆ ಅಂಕ ಕೊಡೋ ಪದ್ಧತಿ ತಂದರು. ಆಗ ಗೊತ್ತಿದ್ದ ಎಣ್ಣೆಗಳಲ್ಲಿ ಅತ್ಯುತ್ತಮವಾದ ಪೆನ್ಸಿಲ್ವೇನಿಯಾ ಎಣ್ಣೆಗೆ 100, ಅಮೆರಿಕದ ಗಲ್ಫ್ ತೀರದ ಎಣ್ಣೆಗೆ ಸೊನ್ನೆ. ನೂರಕ್ಕೆ ನೂರು ಅಂದ್ರೆ ಅದಕ್ಕಿಂತ ಮೇಲಿಲ್ಲ ಅಂತ ಆಗ ಅಂದ್ಕೊಂಡಿದ್ರು. ಇವತ್ತು ಒಳ್ಳೆಯ ಮೂಲತೈಲಗಳು 120 ದಾಟುತ್ತವೆ!

ಅದು ಹೇಗಾಯ್ತು? ಕಲ್ಲು ಆರಿಸೋದನ್ನ ಬಿಟ್ಟು, ಕಲ್ಲನ್ನೇ ರಾಗಿ ಮಾಡೋ ವಿದ್ಯೆ ಕಲಿತರು. ಹೆಚ್ಚು ಒತ್ತಡ, ಹೆಚ್ಚು ಬಿಸಿಯಲ್ಲಿ ಹೈಡ್ರೋಜನ್ ಹಾಯಿಸಿದರೆ ಗಂಧಕ ಅನಿಲವಾಗಿ ಹೊರಗೆ ಹೋಗತ್ತೆ, ಕೆಟ್ಟ ಆರೊಮ್ಯಾಟಿಕ್ ಅಣುಗಳು ಒಳ್ಳೆಯ ಅಣುಗಳಾಗುತ್ತವೆ. ಇದು ಹೈಡ್ರೊಕ್ರ್ಯಾಕಿಂಗ್. ಇನ್ನು ಮೇಣ. ಮೇಣದ ಅಣು ಕೋಲಿನ ಹಾಗೆ ನೆಟ್ಟಗೆ, ಅದಕ್ಕೇ ಒಂದರ ಪಕ್ಕ ಒಂದು ಜೋಡಿಸಿಕೊಂಡು ಹೆಪ್ಪುಗಟ್ಟತ್ತೆ. 1993ರಲ್ಲಿ ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ ಶೆವ್ರಾನ್ ಕಂಪನಿ ಆ ಕೋಲಿಗೆ ಕವಲು ಬರಿಸೋ ವಿಧಾನವನ್ನ ದೊಡ್ಡ ಮಟ್ಟದಲ್ಲಿ ಶುರುಮಾಡಿತು. ಕವಲಿದ್ದ ಕಟ್ಟಿಗೆ ಒತ್ತೊತ್ತಾಗಿ ಜೋಡಿಸೋಕೆ ಬರಲ್ಲವಲ್ಲ, ಹಾಗೇ ಈ ಅಣುಗಳೂ ಹೆಪ್ಪುಗಟ್ಟಲ್ಲ. ಸೋಸಿ ತೆಗೀತಿದ್ದ ಮೇಣವೇ ಒಳ್ಳೆಯ ಎಣ್ಣೆಯಾಯ್ತು.

ಹೀಗೆ ಬಂದವು ಗ್ರೂಪ್ ಎರಡು ಮತ್ತು ಮೂರು. ಲೆಕ್ಕ ಸರಳ: ಗ್ರೂಪ್ ಎರಡು ಅಂದ್ರೆ ನೂರಕ್ಕೆ ಕನಿಷ್ಠ 90 ಭಾಗ ಗಟ್ಟಿ ಸ್ವಭಾವದ ಸ್ಯಾಚುರೇಟೆಡ್ ಅಣುಗಳು, ಗಂಧಕ ನೂರಕ್ಕೆ 0.03 ಭಾಗ ಮೀರಬಾರದು. ಇದರ ಜೊತೆಗೆ ವಿಸ್ಕಾಸಿಟಿ ಇಂಡೆಕ್ಸ್ 120 ಮುಟ್ಟಿದರೆ ಗ್ರೂಪ್ ಮೂರು. ಗ್ರೂಪ್ ನಾಲ್ಕು ಕಚ್ಚಾ ತೈಲ ಸೋಸಿ ಮಾಡಿದ್ದಲ್ಲ, ಸಣ್ಣ ಅಣುಗಳನ್ನ ಒಂದೊಂದಾಗಿ ಪೋಣಿಸಿ ಕಟ್ಟಿದ್ದು. ಅದೇ ಪಿಎಒ, ಮೊದಲು ಸಿಂಥೆಟಿಕ್ ಅಂದ್ರೆ ಇದೇ. ಈ ನಾಲ್ಕರಲ್ಲಿ ಸೇರದ್ದೆಲ್ಲ ಗ್ರೂಪ್ ಐದು. ನಮ್ಮ ತಾತನ ಹರಳೆಣ್ಣೆಯ ಜಾಗವೂ ಅಲ್ಲೇ.

ಈಗ ಬಾಟಲಿ ಮೇಲಿನ ಆ ಪದಕ್ಕೆ ಬರೋಣ. 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಕ್ಯಾಸ್ಟ್ರಾಲ್ ಕಂಪನಿ ತನ್ನ ಸಿಂಥೆಟಿಕ್ ಆಯಿಲ್‌ನಲ್ಲಿ ದುಬಾರಿ ಪಿಎಒ ಬದಲು ಗ್ರೂಪ್ ಮೂರನ್ನ ಬಳಸೋಕೆ ಶುರುಮಾಡಿತು. ಮೊಬಿಲ್ ಕಂಪನಿ "ಇದು ಸಿಂಥೆಟಿಕ್ ಅಲ್ಲ" ಅಂತ ಜಾಹೀರಾತು ವ್ಯಾಜ್ಯ ಬಗೆಹರಿಸೋ ಸಂಸ್ಥೆಗೆ ದೂರು ಕೊಟ್ಟಿತು. 1999ರಲ್ಲಿ ತೀರ್ಮಾನ ಕ್ಯಾಸ್ಟ್ರಾಲ್ ಪರ ಬಂತು: ಅಣುಗಳು ಅಷ್ಟರಮಟ್ಟಿಗೆ ಬದಲಾಗಿದ್ದರೆ ಸಿಂಥೆಟಿಕ್ ಅನ್ನಬಹುದು. ಆಮೇಲೆ ಜಗತ್ತಿನ ಎಷ್ಟೋ ಮಾರುಕಟ್ಟೆಗಳಲ್ಲಿ ಇದೇ ರೂಢಿಯಾಯ್ತು. ಜರ್ಮನಿಯಲ್ಲಿ ಮಾತ್ರ ಫುಲ್ ಸಿಂಥೆಟಿಕ್ ಅನ್ನೋಕೆ ಕಟ್ಟುನಿಟ್ಟು ಜಾಸ್ತಿ. ಅಂದ್ರೆ ಬಾಟಲಿ ಮೇಲಿನ ಸಿಂಥೆಟಿಕ್ ಅನ್ನೋ ಪದ ಒಳಗಿರೋದು ಯಾವ ಗುಂಪಿನ ಮೂಲತೈಲ ಅಂತ ಹೇಳಲ್ಲ. ಕಾಮರ್ಸ್ ಓದಿದ ನನಗೆ ಈ ಇಡೀ ಕಥೆಯಲ್ಲಿ ಥಟ್ ಅಂತ ಅರ್ಥವಾಗಿದ್ದು ಇದೊಂದೇ ನೋಡಿ!

ಹಾಗಂತ ಮೋಸ ಅಂದ್ಕೋಬೇಡಿ. ಗ್ರೂಪ್ ಮೂರು ನಿಜವಾಗಲೂ ಒಳ್ಳೆಯ ಎಣ್ಣೆ. ಅದು ಯಾಕೆ ಬೇಕಾಯ್ತು ಅನ್ನೋದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. ಇಲ್ಲಿ 2005ರಲ್ಲಿ ಬಿಎಸ್ 3, 2010ರಲ್ಲಿ ಬಿಎಸ್ 4, ಆಮೇಲೆ 2020ರ ಏಪ್ರಿಲ್ 1ರಿಂದ ಇಡೀ ದೇಶಕ್ಕೇ ಬಿಎಸ್ 6. ಬಿಎಸ್ 6 ಪೆಟ್ರೋಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ. ಹೊಗೆ ಶುದ್ಧ ಮಾಡೋಕೆ ಸೈಲೆನ್ಸರಿನೊಳಗೆ ಕೆಟಾಲಿಟಿಕ್ ಕನ್ವರ್ಟರ್ ಇರತ್ತೆ. ಎಣ್ಣೆ ಆವಿಯಾಗಿ, ಉರಿದು ಅಲ್ಲಿಗೆ ಹೋದರೆ ಅದರ ರಂಜಕ, ಗಂಧಕ ಆ ಕನ್ವರ್ಟರನ್ನೇ ನಿಧಾನವಾಗಿ ಸಾಯಿಸತ್ತೆ. ಇನ್ನೊಂದು ಕಡೆ ಮೈಲೇಜಿಗಾಗಿ ಎಣ್ಣೆ ತೆಳ್ಳಗಾಗ್ತಾ ಬಂತು. ಅಪ್ಪನ ಕಾಲದಲ್ಲಿ ಮಾತೆತ್ತಿದರೆ 20ಡಬ್ಲ್ಯೂ-40. ಈಗ ಸ್ಕೂಟರಿಗೆ 10ಡಬ್ಲ್ಯೂ-30, ಹೊಸ ಕಾರುಗಳಿಗೆ 0ಡಬ್ಲ್ಯೂ-20. ಹಳೆಯ ಗ್ರೂಪ್ ಒಂದರಲ್ಲಿ ಇಷ್ಟು ತೆಳ್ಳಗಿನ ಎಣ್ಣೆ ಮಾಡಿದರೆ ಬಿಸಿಗೆ ಆವಿಯಾಗಿ ಹೋಗತ್ತೆ. ತೆಳ್ಳಗೂ ಇರಬೇಕು, ಆವಿಯೂ ಆಗಬಾರದು ಅಂದ್ರೆ ಮೂಲತೈಲವೇ ಚೆನ್ನಾಗಿರಬೇಕು. ಒಗ್ಗರಣೆಯಿಂದ ಆ ಕೆಲಸ ಆಗಲ್ಲ.

ಈ ತಲೆಬಿಸಿ ಈಗ ನಮ್ಮೂರಲ್ಲೂ ನಡೀತಿದೆ. ಹೊಸಕೋಟೆ ಹತ್ತಿರ ದೇವನಗೊಂದಿಯಲ್ಲಿ ಎಚ್‌ಪಿಸಿಎಲ್‌ನ ಸಂಶೋಧನಾ ಕೇಂದ್ರ ಇದೆ. ಶೆಲ್ ಕಂಪನಿಯ ತಂತ್ರಜ್ಞಾನ ಕೇಂದ್ರ ವಿಮಾನ ನಿಲ್ದಾಣದ ಕಡೆ ಇದೆ. ಅದೇ ಶೆಲ್ 2011ರಲ್ಲಿ ಶುರುವಾದ ಕತಾರ್‌ನ ಪರ್ಲ್ ಘಟಕದಲ್ಲಿ ಕಚ್ಚಾ ತೈಲವೇ ಇಲ್ಲದೆ, ನೈಸರ್ಗಿಕ ಅನಿಲದಿಂದ ಮೂಲತೈಲ ಮಾಡ್ತಿದೆ.

ಸರಿ, ಡೆಲಿವರಿ ಅಣ್ಣನ ಪ್ರಶ್ನೆಗೆ ಬರೋಣ. ದಿನಕ್ಕೆ 120 ಕಿಲೋಮೀಟರ್, ತಿಂಗಳಿಗೆ 25 ದಿನ ಅಂದ್ರೆ 3,000 ಕಿಲೋಮೀಟರ್. ಲೆಕ್ಕಕ್ಕೆ ಮಾಮೂಲಿ ಆಯಿಲ್ 400 ರೂಪಾಯಿ, ಸಿಂಥೆಟಿಕ್ 800 ಅಂದ್ಕೊಳ್ಳಿ. ಎರಡನ್ನೂ 3,000ಕ್ಕೇ ಬದಲಾಯಿಸಿದರೆ ಕಿಲೋಮೀಟರಿಗೆ 13 ಪೈಸೆ ಮತ್ತು 27 ಪೈಸೆ. ವರ್ಷಕ್ಕೆ 4,800 ರೂಪಾಯಿ ವ್ಯತ್ಯಾಸ. ಮ್ಯಾನುವಲ್‌ನಲ್ಲಿ ಸಿಂಥೆಟಿಕ್‌ಗೆ 6,000 ಓಡಿಸಬಹುದು ಅಂತ ಇದ್ದರೆ ಎರಡೂ 13 ಪೈಸೆ, ಸಮ ಸಮ. ಹಾಗಾಗಿ ಉತ್ತರ ಇರೋದು ಸರ್ವಿಸ್ ಅಡ್ವೈಸರ್ ಬಾಯಲ್ಲಲ್ಲ, ನಿಮ್ಮ ಗಾಡಿಯ ಮ್ಯಾನುವಲ್‌ನಲ್ಲಿ.

ಅಲ್ಲಿ ಮೂರು ವಿಷಯ ನೋಡಿ. ಒಂದು, ಗ್ರೇಡು. 10ಡಬ್ಲ್ಯೂ-30 ಅಂತ ಇದ್ದರೆ ಅದೇ ಹಾಕಿ, ದಪ್ಪ ಎಣ್ಣೆ ಒಳ್ಳೇದು ಅನ್ನೋದು ಹಳೇ ಕಾಲದ ಮಾತು. ಎರಡು, ಎಪಿಐ ದರ್ಜೆ. ಮೂರು, ಜಾಸೊ ಗುರುತು. ಗೇರ್ ಬೈಕುಗಳ ಕ್ಲಚ್ ಸಾಮಾನ್ಯವಾಗಿ ಅದೇ ಎಣ್ಣೆಯಲ್ಲಿ ಮುಳುಗಿರತ್ತೆ, ಅದಕ್ಕೆ ಎಂಎ ಅಥವಾ ಎಂಎ2 ಬೇಕು. ಗೇರಿಲ್ಲದ ಸ್ಕೂಟರಿಗೆ ಹೆಚ್ಚಾಗಿ ಎಂಬಿ. ಕಾರಿನ ದುಬಾರಿ ಆಯಿಲ್ ಉಳಿದಿದೆ ಅಂತ ಬೈಕಿಗೆ ಸುರಿದರೆ ಕ್ಲಚ್ ಜಾರೋಕೆ ಶುರುವಾಗಬಹುದು. ಈ ಮೂರೂ ಹೊಂದಿದ್ದರೆ ಸಿಂಥೆಟಿಕ್ ಅನ್ನೋ ಪದ ಇಲ್ಲದಿದ್ದರೂ ಚಿಂತೆ ಇಲ್ಲ. ಮುಖ್ಯವಾಗಿ ಸೀಲ್ ನೋಡಿ, ಬಿಲ್ ತಗೊಳ್ಳಿ, ನಿಮ್ಮ ಕಣ್ಣೆದುರೇ ಬಾಟಲಿ ತೆಗೆಸಿ. ಲೂಸ್ ಆಯಿಲ್ ಬೇಡವೇ ಬೇಡ.

ಈ ಕೊನೆ ಮಾತು ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ, ಇದನ್ನೆಲ್ಲ ಓದಿದ ಮೇಲೆ ಅಪ್ಪನ ಹತ್ತಿರ ಕೂತು ಕೇಳಿದೆ. "ಅಪ್ಪಾ, ಆಗ ಆಯಿಲ್ ಎಲ್ಲಿ ತಗೊಳ್ತಿದ್ರಿ?" ಒಂದು ಡಬ್ಬದಿಂದ ಅಳೆದು ಕೊಡ್ತಿದ್ರಂತೆ, ಬಾಟಲಿಗಿಂತ ಅಗ್ಗ. ಅಪ್ಪ ಎರಡು ಬೆರಳಲ್ಲಿ ಉಜ್ಜಿ, ಮೂಸಿ ನೋಡಿ ತಗೊಳ್ತಿದ್ರು. ಹೊಸ ಎಣ್ಣೆಯೋ, ಕಪ್ಪು ಸೋಸಿದ ಹಳೆ ಎಣ್ಣೆಯೋ, ಯಾವ ಮೂಲತೈಲವೋ, ಬೆರಳಿಗೆ ಎಲ್ಲಿ ಗೊತ್ತಾಗತ್ತೆ? ಬೆರಳಿಗೆ ಎಲ್ಲಾ ಎಣ್ಣೆಯೂ ಜಾರೋದೇ.

"ನಿಮ್ಮ ಅಳತೆ ಸರಿಯಾಗೇ ಇದ್ದಿರಬಹುದು ಅಪ್ಪಾ, ಎಣ್ಣೆಯೇ ಸರಿ ಇರಲಿಲ್ವೇನೋ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಬಹುದು ಪುಟ್ಟಿ" ಅಂದರು. ಆಮೇಲೆ ಅಡುಗೆಮನೆ ಕಡೆ ತಿರುಗಿ, "ಕೇಳಿಸ್ತೇನೇ? ನಾನು ಅಳತೆ ತಪ್ಪಿರಲಿಲ್ವಂತೆ" ಅಂತ ಅಮ್ಮನಿಗೆ ಕೂಗಿ ಹೇಳಿದ್ರು.

ಇದು ನಿಜವೋ ಅಲ್ವೋ, ಇಪ್ಪತ್ತು ವರ್ಷದ ಹಿಂದಿನ ಎಣ್ಣೆಯನ್ನ ಈಗ ಯಾರೂ ಪರೀಕ್ಷೆ ಮಾಡೋಕಾಗಲ್ಲ. ಆದರೆ ನಿಮ್ಮ ಗಾಡಿಗೆ ನಾಳೆ ಹಾಕೋ ಎಣ್ಣೆಯನ್ನ ಇವತ್ತೇ ಓದಿ ನೋಡಬಹುದು. ಬಾಟಲಿ ಹಿಂಭಾಗ ತಿರುಗಿಸಿ, ಸಣ್ಣ ಅಕ್ಷರ ಓದಿ. ನಿಮ್ಮ ಮನೆಯಲ್ಲಿ ಯೆಜ್ಡಿ, ಆಟೋ, ಎತ್ತಿನ ಗಾಡಿ ಯಾವುದರ ಕಥೆ ಇದ್ದರೂ ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಎಪಿಸೋಡಿನಲ್ಲಿ ಹಾಕ್ತೀನಿ. ಹುಷಾರಾಗಿ ಗಾಡಿ ಓಡಿಸಿ.